ಬಸ್ರಾದ ಉಗ್ರಾಣ, ಕುಟ್ ಪಟ್ಟಣದ ಹಸಿವು

ಭಾರತಯುದ್ಧದ ಹದಿನೆಂಟು ಅಕ್ಷೋಹಿಣಿ ಸೈನ್ಯವನ್ನು ನಮ್ಮ ಕವಿಗಳು ಆನೆ, ಕುದುರೆ, ರಥ, ಕಾಲಾಳುಗಳೆಂದು ವಿಂಗಡಿಸಿ ಮನದಣಿಯೆ ವರ್ಣಿಸಿದ್ದಾರೆ. ಆ ಸೈನ್ಯ ಉಂಡದ್ದೇನು, ಬೇಯಿಸಿ ಬಡಿಸಿದವರಾರು, ಅಷ್ಟು ಕುದುರೆಗಳಿಗೆ ಹುಲ್ಲು ಎಲ್ಲಿಂದ ಬಂತು ಎಂಬ ಮಾತಿಗೆ ಬಂದರೆ ಅವರ ಲೇಖನಿ ಅಷ್ಟೊಂದು ಉತ್ಸಾಹ ತೋರುವುದಿಲ್ಲ. ನಮ್ಮ ಜನ ಮಾತ್ರ ಈ ಪ್ರಶ್ನೆಯನ್ನು ಹಾಗೆಯೇ ಬಿಡಲಿಲ್ಲ. ಉಡುಪಿಯ ಅರಸ ಯಾವ ಪಕ್ಷಕ್ಕೂ ಸೇರದೆ ಎರಡು ಸೈನ್ಯಗಳಿಗೂ ಅಡುಗೆ ಮಾಡಿಸಿದನಂತೆ; ದಿನದಿನವೂ ಸಾವಿರಾರು ಜನ ಸಾಯುತ್ತಿದ್ದರೂ ಅವನ ಪಾಕಶಾಲೆಯಲ್ಲಿ ಒಂದು ತುತ್ತು ಮಿಗುತ್ತಿರಲಿಲ್ಲ, ಒಂದು ತುತ್ತು ಕಡಮೆ ಬೀಳುತ್ತಿರಲಿಲ್ಲ. ರಾತ್ರಿ ಶ್ರೀಕೃಷ್ಣ ಎಷ್ಟು ಕಡಲೆಕಾಯಿ ತಿಂದನೆಂದು ಸಿಪ್ಪೆ ಎಣಿಸಿ, ಅದರ ಸಾವಿರ ಪಾಲು ಜನ ಮಾರನೆಯ ದಿನ ಊಟಕ್ಕೆ ಬರುವುದಿಲ್ಲವೆಂದು ಅರಸ ಲೆಕ್ಕ ಹಾಕುತ್ತಿದ್ದನೆಂಬುದು ಕಥೆಯ ಗುಟ್ಟು. ಕಡಲೆಕಾಯಿ ಅಮೆರಿಕ ಖಂಡದಿಂದ ನಮ್ಮಲ್ಲಿಗೆ ಬಂದದ್ದು. ಆದುದರಿಂದ ಕಥೆ ದ್ವಾಪರದಷ್ಟು ಹಳೆಯದಲ್ಲವೆಂದು ತರಗತಿಯಲ್ಲಿ ಹೇಳಿದರೆ ವಿದ್ಯಾರ್ಥಿಗಳು ನಗುತ್ತಾರೆ. ನಗಲಿ. ಯುದ್ಧವೆಂದರೆ ಮೊದಲು ಒಂದು ಅಡುಗೆಮನೆಯ ಲೆಕ್ಕವೆಂಬುದನ್ನು ಈ ಕಥೆ ಕಟ್ಟಿದವನು ಚೆನ್ನಾಗಿ ಬಲ್ಲವನಾಗಿದ್ದ.

ಆದರೆ ಕುರುಕ್ಷೇತ್ರದ ಸುತ್ತ ಊರುಗಳಿದ್ದುವು, ಬಂಡಿಯ ದಾರಿಗಳಿದ್ದುವು. ದಂಡು ಕಡಲು ದಾಟಿ ಹೋದಾಗ ಉಡುಪಿಯ ಅರಸನ ಜಾಣ್ಮೆಯೊಂದೇ ಸಾಲದು. ಒಂದು ಹಿಡಿ ಹಿಟ್ಟು ರೈಲಿನಿಂದ ಬಂದರಿಗೆ, ಬಂದರಿನಿಂದ ಹಡಗಿಗೆ, ಹಡಗಿನಿಂದ ದೋಣಿಗೆ, ದೋಣಿಯಿಂದ ಗಾಡಿಗೆ ಕೈ ಬದಲಾಯಿಸುತ್ತ ಹೋಗಬೇಕು. ಈ ಸರಪಳಿಯ ಒಂದು ಕೊಂಡಿ ಕಳಚಿತೋ, ಹಿಂದೆ ಗುಡ್ಡದಷ್ಟು ಧಾನ್ಯವಿದ್ದರೂ ಮುಂದಿನವನ ಪಾಲಿಗೆ ಅದು ಇಲ್ಲದಂತೆಯೇ. ಈ ಮಾತಿಗೆ ಮೊದಲನೆಯ ಮಹಾಯುದ್ಧದ ಮೆಸೊಪೊಟೇಮಿಯ ರಂಗಕ್ಕಿಂತ ಕಟುವಾದ ನಿದರ್ಶನ ಸಿಕ್ಕುವುದು ಕಷ್ಟ. ಅಲ್ಲಿ ಹೋರಾಡಿದ ಸಿಪಾಯಿಗಳಲ್ಲಿ ಬಹುಮಂದಿ ಭಾರತೀಯರು. ಮೊದಲ ಒಂದೂವರೆ ವರ್ಷ ಆ ಯುದ್ಧದ ಸೂತ್ರ ಹಿಡಿದಿದ್ದುದೂ ದಿಲ್ಲಿ ಸಿಮ್ಲಾಗಳಲ್ಲಿದ್ದ ಅಂದಿನ ಭಾರತ ಸರಕಾರವೇ.

ಇಂದು ಇರಾಕ್ ಎಂದು ಕರೆಯಲಾಗುವ ಆ ನಾಡಿಗೆ ೧೯೧೪ರ ನವೆಂಬರಿನಲ್ಲಿ ಭಾರತದ ದಂಡು ಇಳಿಯಿತು. ಪರ್ಷಿಯದ ಎಣ್ಣೆಯ ಕೊಳವೆಯನ್ನೂ ಅಬಾದಾನಿನ ಎಣ್ಣೆ ಕಾರ್ಖಾನೆಯನ್ನೂ ತುರ್ಕರ ಕೈಗೆ ಸಿಕ್ಕದಂತೆ ಕಾಯುವುದು ಮೊದಲ ಉದ್ದೇಶಗಳಲ್ಲೊಂದು. ಅದೇ ತಿಂಗಳು ಬಸ್ರಾ ಪಟ್ಟಣ ಕೈವಶವಾಯಿತು. ಅಲ್ಲಿಗೆ ನಿಂತಿದ್ದರೆ ಕಥೆ ಬೇರೆಯಾಗುತ್ತಿತ್ತು.

ಬಸ್ರಾ ಹೆಸರಿಗೆ ಬಂದರು. ದೊಡ್ಡ ಹಡಗು ಒರಗಿ ನಿಲ್ಲಬಲ್ಲ ಧಕ್ಕೆ ಒಂದೂ ಇರಲಿಲ್ಲ. ಮುಂಬಯಿ, ಕರಾಚಿಗಳಿಂದ ಬಂದ ಹಡಗುಗಳು ನಡುಹೊಳೆಯಲ್ಲಿ ಲಂಗರು ಹಾಕಿ, ಮಹೈಲಾ ಎಂಬ ನಾಡ ಹಾಯಿದೋಣಿಗಳಿಗೆ ಸಾಮಾನು ಇಳಿಸಬೇಕಾಗಿತ್ತು. ಬರುವ ಹಡಗುಗಳೆಷ್ಟೋ, ಇಳಿಸುವ ಕೈಗಳೆಷ್ಟೋ. ಸರದಿ ಬರುವವರೆಗೆ ಹಡಗುಗಳು ವಾರಗಟ್ಟಲೆ ಕಾಯುತ್ತಿದ್ದುವು. ದಡದಲ್ಲಿ ಖರ್ಜೂರದ ತೋಟ, ಕಾಲುವೆ, ಪ್ರವಾಹ ಬಂದರೆ ಜೌಗು. ಆ ನಾಡಿನಲ್ಲಿ ಸೌದೆ ಸಹ ಸಾಲದೆ ಅಡುಗೆಯ ಉರುವಲನ್ನೂ ಭಾರತದಿಂದಲೇ ಹಡಗಿನಲ್ಲಿ ತರಬೇಕಾಗುತ್ತಿತ್ತು. ಬಸ್ರಾದಿಂದ ಮೇಲಕ್ಕೆ ರೈಲಿಲ್ಲ, ಕಲ್ಲುಹಾಸಿದ ರಸ್ತೆಯಿಲ್ಲ. ಇದ್ದುದು ಟೈಗ್ರಿಸ್ ನದಿಯೊಂದೇ. ಬೇಸಗೆ ಕಳೆದರೆ ಆ ನದಿಯಲ್ಲಿ ನೀರು ಇಳಿದು ಮರಳದಿಣ್ಣೆಗಳು ತಲೆಯೆತ್ತುತ್ತವೆ. ವಸಂತದಲ್ಲಿ ಮೇಲಿನ ಮಲೆಗಳ ಹಿಮ ಕರಗಿ ಬಂದರೆ ಬಯಲೆಲ್ಲ ನೀರು. ಹಾವಿನಂತೆ ಹೊರಳುವ ಆ ಹೊಳೆಯ ಕೆಲವೆಡೆ ಎದುರುಬದುರಾದ ಎರಡು ಹೊಗೆಹಡಗುಗಳು ಒಂದನ್ನೊಂದು ದಾಟುವಷ್ಟೂ ಅಗಲವಿಲ್ಲ. ಬಸ್ರಾದಿಂದ ಬಾಗ್ದಾದಿಗೆ ಹೊಳೆಯ ದಾರಿಯಲ್ಲಿ ಸುಮಾರು ೫೦೦ ಮೈಲಿ.

ಇಲ್ಲಿ ಒಂದು ಸರಳ ಗಣಿತವಿದೆ. ಮನೆ ನಡೆಸುವ ಗೃಹಿಣಿಯರಿಗೆ ಇದು ಸೇನಾಪತಿಗಳಿಗಿಂತ ಬೇಗ ಹೊಳೆದೀತು. ಒಂದು ದೋಣಿ ಹತ್ತು ದಿನದಲ್ಲಿ ಹೋಗಿ ಬರುವಲ್ಲಿ ತಿಂಗಳಿಗೆ ಮೂರು ಸಲ ಸಾಮಾನು ಮುಟ್ಟಿಸುತ್ತದೆ. ದಂಡು ಮುಂದೊತ್ತಿ ಪ್ರಯಾಣ ಇಪ್ಪತ್ತು ದಿನದ್ದಾದರೆ ಅದೇ ದೋಣಿ ತಿಂಗಳಿಗೆ ಒಂದೂವರೆ ಸಲದ್ದಾಗುತ್ತದೆ. ಗೆದ್ದಷ್ಟೂ ದೋಣಿ ಕಡಮೆಯಾಗುತ್ತವೆ! ಮೇಲಾಗಿ ಮುಂದೆ ಹೋದ ಕುದುರೆ ಹೇಸರಗತ್ತೆಗಳಿಗೆ ಮೇವು ಬೇಕು. ಒಂದು ಕುದುರೆಯ ದಿನದ ಮೇವು ಸಿಪಾಯಿಯ ದಿನದ ಊಟದ ತೂಕವನ್ನು ಎಷ್ಟೋ ಪಾಲು ಮೀರುತ್ತದೆ. ೧೯೧೫ರಲ್ಲಿ ಜನರಲ್ ನಿಕ್ಸನ್ನನ ಆಜ್ಞೆಯಂತೆ ಜನರಲ್ ಟೌನ್‌ಶೆಂಡ್ ಜೂನಿನಲ್ಲಿ ಅಮಾರಾ, ಸೆಪ್ಟೆಂಬರಿನಲ್ಲಿ ಕುಟ್ ಎಂದು ಒಂದೊಂದೇ ಪಟ್ಟಣವನ್ನು ಗೆದ್ದು ಮೇಲಕ್ಕೇರಿದ. ಪತ್ರಿಕೆಗಳಲ್ಲಿ ಜಯಘೋಷ. ಗ್ಯಾಲಿಪೊಲಿಯಲ್ಲಿ ಮುಖಭಂಗವಾಗುತ್ತಿದ್ದ ಲಂಡನ್ನಿನ ಮಂತ್ರಿಗಳಿಗೆ ಎಲ್ಲಿಯಾದರೂ ಒಂದು ಗೆಲುವು ಬೇಕಾಗಿತ್ತು. ಅಕ್ಟೋಬರಿನಲ್ಲಿ ಬಾಗ್ದಾದಿಗೆ ಹೊರಡಲು ಅಪ್ಪಣೆಯಾಯಿತು.

ದೋಣಿಗಳಾದರೋ? ನಿಕ್ಸನ್ ಆ ಬೇಸಗೆಯಲ್ಲಿಯೇ ಹೆಚ್ಚಿನ ಹೊಗೆದೋಣಿಗಳನ್ನು ಕೇಳಿದ್ದ. ಕಾಗದ ಬಸ್ರಾದಿಂದ ಸಿಮ್ಲಾಕ್ಕೆ, ಸಿಮ್ಲಾದಿಂದ ಲಂಡನ್ನಿಗೆ ಹೋಯಿತು. ತಳ ಆಳವಿಲ್ಲದ ವಿಶೇಷ ದೋಣಿಗಳನ್ನು ಕಟ್ಟಿ ಕಳುಹಿಸಲು ತಿಂಗಳುಗಳೇ ಬೇಕು. ನಮ್ಮ ನದಿಗಳಲ್ಲಿ ಓಡಾಡುತ್ತಿದ್ದ ದೋಣಿಗಳನ್ನೇ ಕಡಲಿಗೆ ಬಿಟ್ಟು ಅಟ್ಟಿದರು. ಹೊಳೆಗೆಂದು ಕಟ್ಟಿದ ಆ ದೋಣಿಗಳಲ್ಲಿ ಹಲವು ಸಮುದ್ರದ ಅಲೆ ತಾಳದೆ ದಾರಿಯಲ್ಲಿಯೇ ಮುಳುಗಿದುವು. ಬಸ್ರಾದಿಂದ ರೈಲು ಹಾಕುವ ಸೂಚನೆಯನ್ನು ಭಾರತ ಸರಕಾರ ಖರ್ಚಿನ ಕಾರಣ ಹೇಳಿ ತಳ್ಳಿಹಾಕಿತು. ಆಯವ್ಯಯದ ಪಟ್ಟಿ ಸರಿದೂಗಬೇಕೆಂಬುದು ಒಳ್ಳೆಯ ನಿಯಮವೇ. ಆದರೆ ಯುದ್ಧಕ್ಕೆ ಹೊರಡಲೂ ಬೇಕು, ಯುದ್ಧದ ಬಾಡಿಗೆ ಕೊಡಲೂ ಬಾರದು ಎಂಬ ನಿಯಮ ಯಾವ ಅರ್ಥಶಾಸ್ತ್ರದಲ್ಲಿದೆಯೋ ಕಾಣೆ.

ನವೆಂಬರ್ ೨೨ರಂದು ಬಾಗ್ದಾದಿನ ಹೊಸ್ತಿಲಲ್ಲಿ, ಟೆಸಿಫಾನ್ ಎಂಬಲ್ಲಿ, ತುರ್ಕರೊಡನೆ ಘೋರ ಕದನವಾಯಿತು. ಟೌನ್‌ಶೆಂಡನ ಕಡೆಯಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕು ಜನ ಸತ್ತರು, ಗಾಯಗೊಂಡರು. ಗಾಯಾಳುಗಳನ್ನು ಹೊಳೆಯವರೆಗೆ ತಂದದ್ದು ಸ್ಪ್ರಿಂಗಿಲ್ಲದ ಹೇಸರಗತ್ತೆಯ ಗಾಡಿಗಳಲ್ಲಿ. ಬಸ್ರಾಕ್ಕೆ ಇಳಿಸಿದ್ದು ಹಿಟ್ಟು ಮೇವು ಹೊತ್ತುತಂದಿದ್ದ ಅವೇ ದೋಣಿಗಳಲ್ಲಿ. ಆಸ್ಪತ್ರೆಯ ದೋಣಿ ಬೇರೆಯಾಗಿ ಇರಲಿಲ್ಲ. ದಿನಗಟ್ಟಲೆ ಗಾಯಕ್ಕೆ ಕಟ್ಟು ಬದಲಾಯಿಸದೆ, ತಮ್ಮ ಹೊಲಸಿನಲ್ಲಿಯೇ ಬಿದ್ದುಕೊಂಡು ಬಂದವರ ಒಂದು ಹಡಗನ್ನು ಬಸ್ರಾದಲ್ಲಿ ಕಂಡು ಮೇಜರ್ ಕಾರ್ಟರ್ ಎಂಬ ವೈದ್ಯ ವರದಿ ಬರೆದ. ಮೇಲಧಿಕಾರಿಗಳು ಅವನನ್ನೇ ಬೆದರಿಸಿದರು. ಆ ವರದಿಯ ವಿವರಗಳನ್ನು ಮನೆಮಂದಿಯೆಲ್ಲ ಓದುವ ಈ ಪುಟದಲ್ಲಿ ಬರೆಯಲು ಕೈ ಬಾರದು.

ಟೌನ್‌ಶೆಂಡ್ ಹಿಂದೆಗೆದು ಡಿಸೆಂಬರ್ ೩ರಂದು ಕುಟ್ ಸೇರಿದ. ಟೈಗ್ರಿಸ್ ನದಿ ಮೂರು ಕಡೆ ಸುತ್ತಿದ ನಾಲಗೆಯಂಥ ನೆಲದ ಮೇಲೆ ಮಣ್ಣುಮನೆಗಳ ಆ ಪಟ್ಟಣ. ೭ರಂದು ತುರ್ಕರು ಮುತ್ತಿದರು. ಒಳಗೆ ಸಿಪಾಯಿಗಳೂ ಪರಿಚಾರಕರೂ ಸೇರಿ ಹದಿಮೂರು ಸಾವಿರಕ್ಕೂ ಹೆಚ್ಚು ಜನ. ಅವರೊಡನೆ ಸುಮಾರು ಆರು ಸಾವಿರ ಅರಬ್ಬೀ ನಿವಾಸಿಗಳು.

ಮುತ್ತಿಗೆಗೆ ಸಿಕ್ಕಿದ ಕೋಟೆಯ ಮೊದಲ ಕೆಲಸ ಉಗ್ರಾಣದ ಎಣಿಕೆ. ಬ್ರಿಟಿಷ್ ಸಿಪಾಯಿಗಳಿಗೆ ಒಂದು ತಿಂಗಳಿನದು, ಭಾರತೀಯರಿಗೆ ಎರಡು ತಿಂಗಳಿನದು ಇದೆಯೆಂದು ಟೌನ್‌ಶೆಂಡ್ ತಂತಿ ಕೊಟ್ಟ. ಆ ತಂತಿಯನ್ನು ನಂಬಿ ಜನರಲ್ ಐಲ್ಮರ್, ಪೂರ್ತಿ ಸೈನ್ಯ ಸೇರುವ ಮೊದಲೇ, ಫಿರಂಗಿ ಔಷಧಿ ಗಾಡಿಗಳು ಬಸ್ರಾದಿಂದ ಬರುವ ಮೊದಲೇ, ಅವಸರದಿಂದ ನುಗ್ಗಿದ. ೧೯೧೬ರ ಜನವರಿ ಒಂದರಲ್ಲಿಯೇ ಮೂರು ಕದನಗಳು. ಸುಮಾರು ಎಂಟು ಸಾವಿರ ಜನ ಸತ್ತು ಗಾಯಗೊಂಡರು. ದಾರಿ ಬಿಡಿಸಲಾಗಲಿಲ್ಲ. ಆ ತಿಂಗಳ ಕೊನೆಗೆ ಕುಟ್ ಪಟ್ಟಣದ ಮನೆಗಳನ್ನು ಶೋಧಿಸಿ ನೋಡಲಾಗಿ ಬಚ್ಚಿಟ್ಟ ಧಾನ್ಯ ಬೇಕಾದಷ್ಟು ಸಿಕ್ಕಿತು. ಕುದುರೆಗಳನ್ನು ಕೊಂದು ತಿಂದರೆ ಇನ್ನೂ ೮೪ ದಿನ ತಡೆಯಬಹುದೆಂದು ಟೌನ್‌ಶೆಂಡ್ ಹೊಸ ತಂತಿ ಕಳುಹಿಸಿದ. ಡಿಸೆಂಬರಿನಲ್ಲಿಯೇ ಈ ಶೋಧ ನಡೆದಿದ್ದರೆ ಐಲ್ಮರನಿಗೆ ಕಾಯಲು ಕಾಲವಿತ್ತು. ಇತಿಹಾಸಕಾರರು ಟೌನ್‌ಶೆಂಡನ ಯುದ್ಧತಂತ್ರವನ್ನು ಕುರಿತು ಬಹಳ ಚರ್ಚಿಸಿದ್ದಾರೆ. ಈ ಒಂದು ಎಣಿಕೆಯೇ ಅವನ ಎಲ್ಲ ತಂತ್ರಗಳಿಗಿಂತ ದುಬಾರಿಯಾಯಿತೆಂದು ನಮ್ಮ ಎಣಿಕೆ.

ಇನ್ನು ಒಳಗಿನವರ ಊಟ. ಗೋಧಿ, ಜವೆಗೋಧಿ ಇದ್ದರೂ ಬೀಸುವುದು ಹೇಗೆ? ಬೀಸುಕಲ್ಲುಗಳನ್ನು ವಿಮಾನದಿಂದ ಕೆಳಕ್ಕೆ ಹಾಕಿದರು. ಬ್ರಿಟಿಷ್ ಸಿಪಾಯಿಗಳಿಗೆ ಬಿಳಿಯ ಹಿಟ್ಟಿನ ರೊಟ್ಟಿ, ಭಾರತೀಯರಿಗೆ ತೌಡು ಸೇರಿದ ಒರಟು ಹಿಟ್ಟು. ಬಿಳಿಯ ಹಿಟ್ಟು ತಿಂದವರಿಗೆ ಬೆರಿಬೆರಿ ರೋಗ ಹತ್ತಿತು. ಹಿಟ್ಟು ಮುಗಿದು ಅವರೂ ಒರಟು ಹಿಟ್ಟಿಗೆ ಇಳಿದ ಮೇಲೆ ರೋಗವೂ ಇಳಿಯಿತು! ಬಿಳುಪೇ ಮೇಲೆಂದು ನಂಬಿದವರಿಗೆ ಕುಟ್ ಪಟ್ಟಣದ ಈ ಪಾಠವನ್ನು ಓದಿಹೇಳಬೇಕು. ಭಾರತೀಯರಿಗೆ ಬಂದ ಕಷ್ಟ ಬೇರೆ. ಹಸಿರು ಕಾಯಿಪಲ್ಲೆಯಿಲ್ಲ, ತಾಜಾ ಮಾಂಸವನ್ನು ಮುಟ್ಟಲಾರರು. ಅವರನ್ನು ಸ್ಕರ್ವಿ ಹಿಡಿಯಿತು, ಒಸಡು ಕೊಳೆಯಿತು.

ಕುದುರೆಯ ಮಾಂಸವನ್ನು ಅವರು ಒಲ್ಲೆನೆಂದುದನ್ನು ಹಲವರು ಮೂಢತನವೆಂದು ಬರೆದಿದ್ದಾರೆ. ಅವಸರದ ತೀರ್ಪು ಇದು. ಭಾರತದಿಂದ ಹಿಂದೂ ಮುಸಲ್ಮಾನ ಧರ್ಮಗುರುಗಳ ಅನುಮತಿಯನ್ನು ತಂತಿಯ ಮೂಲಕ ತರಿಸಿ ತೋರಿಸಿದ್ದಾಯಿತು. ಆದರೂ ಸಿಪಾಯಿ ಅನುಮಾನಿಸಿದ. ಗುರುವಿನ ತಂತಿ ಕುಟ್ ಪಟ್ಟಣಕ್ಕೆ ಬಂತು; ಅವನ ಹಳ್ಳಿಗೆ ಯಾರು ತಂತಿ ಕೊಟ್ಟರು? ನಾಳೆ ಊರಿಗೆ ಹೋದರೆ ನೆಂಟರು ಪಂಕ್ತಿಗೆ ಕರೆಯಬೇಕಲ್ಲ, ಮಕ್ಕಳಿಗೆ ಹೆಣ್ಣು ಗಂಡು ಕೂಡಿಬರಬೇಕಲ್ಲ. ಬದುಕಿ ಹಿಂದಿರುಗುವ ಆಸೆಯೇ ಅವನನ್ನು ಉಪವಾಸ ಕೆಡವಿತು. ಕಡೆಗೆ ಏಪ್ರಿಲಿನಲ್ಲಿ ಹಸಿವೇ ಗೆದ್ದು ಸಾವಿರಾರು ಮಂದಿ ಆ ಮಾಂಸವನ್ನು ತಿಂದರು. ಅಷ್ಟರಲ್ಲಿ ಮೈ ಸೋತಿತ್ತು. ಉಣ್ಣುವವನ ಮನೆತನ ತಿಳಿಯದೆ ಊಟ ಕಳುಹಿಸುವವನು ತೂಕ ಕಳುಹಿಸುತ್ತಾನೆಯೇ ಹೊರತು ಊಟವನ್ನಲ್ಲ. ಕುಟ್ ಪಟ್ಟಣದ ಹೊರಗಿದ್ದ ಭಾರತೀಯ ದಳಗಳಲ್ಲಿಯೂ ಆ ವರ್ಷ ಸ್ಕರ್ವಿ ಸಾವಿರಾರು ಜನರನ್ನು ಮಲಗಿಸಿತೆಂಬುದನ್ನು ನೆನೆದರೆ, ತಪ್ಪು ಬರಿಯ ಸಿಪಾಯಿಯ ಆಚಾರದಲ್ಲಿತ್ತೆಂದು ಹೇಳಲಾಗದು.

ಏಪ್ರಿಲ್ ನಡುವಿಗೆ ಒಬ್ಬನ ದಿನದ ಪಾಲು ನಾಲ್ಕೈದು ಔನ್ಸು ಹಿಟ್ಟಿಗೆ ಇಳಿಯಿತು. ನಮ್ಮ ಮನೆಗಳ ಲೆಕ್ಕದಲ್ಲಿ ನಾಲ್ಕು ತೆಳು ಚಪಾತಿ. ಅದೂ ರಾತ್ರಿಯೆಲ್ಲ ಕಂದಕದಲ್ಲಿ ಕಾವಲು ನಿಲ್ಲುವವನಿಗೆ, ಇಡೀ ದಿನಕ್ಕೆ.

ಆಗ ನಡೆದ ಎರಡು ಸಾಹಸಗಳನ್ನು ಹೇಳಲೇಬೇಕು. ಏಪ್ರಿಲ್ ೧೫ರಿಂದ ಸಣ್ಣ ವಿಮಾನಗಳು ರೆಕ್ಕೆಯ ಕೆಳಗೆ ಹಿಟ್ಟಿನ ಚೀಲ ಕಟ್ಟಿಕೊಂಡು ಕುಟ್ ಪಟ್ಟಣದ ಮೇಲೆ ಸುರಿದುವು. ಮುತ್ತಿಗೆಗೆ ಸಿಕ್ಕಿದ ಒಂದು ಸೈನ್ಯಕ್ಕೆ ಆಕಾಶಮಾರ್ಗವಾಗಿ ಅನ್ನ ಕೊಡಲು ನಡೆದ ಮೊದಲ ಯತ್ನಗಳಲ್ಲಿ ಇದೊಂದು. ಸುಮಾರು ೧೪೦ ಸಲ ಹಾರಿ ಹಾಕಿದ್ದು ಸುಮಾರು ೧೯,೦೦೦ ಪೌಂಡು. ಕೆಲವು ಚೀಲಗಳು ಹೊಳೆಗೆ ಬಿದ್ದುವು, ಕೆಲವು ತುರ್ಕರ ಪಾಲಾದುವು. ಎರಡು ವಾರದ ಆ ಶ್ರಮವೆಲ್ಲ ಕೂಡಿದರೂ ಒಳಗಿದ್ದವರಿಗೆ ತಲೆಗೆ ಒಂದೂವರೆ ಪೌಂಡು ಸಹ ಬಾರದು. ಏಪ್ರಿಲ್ ೨೪ರ ರಾತ್ರಿ ‘ಜುಲ್ನಾರ್’ ಎಂಬ ಹೊಗೆದೋಣಿ ೨೭೦ ಟನ್ನು ಸಾಮಾನು ತುಂಬಿಕೊಂಡು ದೀಪವಾರಿಸಿ ಮೇಲಕ್ಕೆ ಹೊರಟಿತು. ವಿಮಾನಗಳು ಎರಡು ವಾರದಲ್ಲಿ ಹಾಕಿದುದರ ಮೂವತ್ತು ಪಾಲು ಈ ಒಂದೇ ದೋಣಿಯಲ್ಲಿತ್ತು. ನಡೆಸಿದವನು ಫರ್ಮನ್ ಎಂಬ ನೌಕಾಧಿಕಾರಿ. ದಾರಿ ಬಲ್ಲವನು ಕೌಲಿ, ಯುದ್ಧಕ್ಕೆ ಮೊದಲು ಅದೇ ನದಿಯಲ್ಲಿ ವ್ಯಾಪಾರದ ದೋಣಿ ನಡೆಸಿ ಪಳಗಿದವನು. ಕುಟ್ ಪಟ್ಟಣ ನಾಲ್ಕೈದು ಮೈಲಿ ಇರುವಾಗ, ತುರ್ಕರು ಹೊಳೆಗೆ ಅಡ್ಡಲಾಗಿ ಬಿಗಿದಿದ್ದ ಉಕ್ಕಿನ ಹಗ್ಗಕ್ಕೆ ಸಿಕ್ಕಿ ದೋಣಿ ದಡ ಹತ್ತಿತು. ಫರ್ಮನ್ ಗುಂಡಿಗೆ ಸತ್ತ. ಕೌಲಿಯೂ ಬದುಕಿ ಬರಲಿಲ್ಲ. ಇಬ್ಬರಿಗೂ ಮರಣಾನಂತರ ವಿಕ್ಟೋರಿಯ ಕ್ರಾಸ್ ಸಂದಿತು.

ಏಪ್ರಿಲ್ ೨೯ರಂದು, ಮುತ್ತಿಗೆಯ ನೂರನಾಲ್ವತ್ತು ದಿನಗಳು ಕಳೆದ ಮೇಲೆ, ಟೌನ್‌ಶೆಂಡ್ ಶರಣಾದ. ಸೆರೆಯಾದವರಲ್ಲಿ ಹೆಚ್ಚುಕಡಮೆ ಮೂರರಲ್ಲೊಂದು ಪಾಲು ಮರುಭೂಮಿಯ ನಡಿಗೆಯಲ್ಲಿಯೂ ಸೆರೆಯ ದುಡಿಮೆಯಲ್ಲಿಯೂ ಮಡಿದರು. ಅವರನ್ನು ಬಿಡಿಸಲು ಹೋದವರಲ್ಲಿ ಸತ್ತು ಗಾಯಗೊಂಡವರು ಸುಮಾರು ೨೩,೦೦೦. ಇಷ್ಟೆಲ್ಲ ನಡೆಯುವಾಗ ಬಸ್ರಾದಲ್ಲಿ ಸಾಮಾನಿಗೆ ಬರಗಾಲವಿರಲಿಲ್ಲ. ಮುಂದಕ್ಕೆ ಹೋಗಬೇಕಾಗಿದ್ದ ಸಾವಿರಾರು ಸಿಪಾಯಿಗಳೂ ಅಲ್ಲಿಯೇ ಇದ್ದರು. ಅವರನ್ನೂ ಅವರ ಅನ್ನವನ್ನೂ ಮೇಲಕ್ಕೆ ಒಯ್ಯಲು ದೋಣಿಗಳಿರಲಿಲ್ಲ.

ವಿಚಾರಣೆಯ ಆಯೋಗ ಕುಳಿತಿತು. ೧೯೧೭ರ ಜೂನಿನಲ್ಲಿ ಪ್ರಕಟವಾದ ಅದರ ವರದಿ ವೈಸರಾಯ್ ಹಾರ್ಡಿಂಜ್‌ನಿಂದ ಹಿಡಿದು ಸಿಮ್ಲಾದ ಸೇನಾಧಿಪತಿಯವರೆಗೆ ಯಾರನ್ನೂ ಬಿಡಲಿಲ್ಲ. ಜುಲೈಯಲ್ಲಿ ಭಾರತಮಂತ್ರಿ ಚೇಂಬರ್‌ಲೇನ್ ರಾಜೀನಾಮೆಯಿತ್ತ. ಭಾರತ ಸರಕಾರದ ಯಂತ್ರವೇ ಈ ಕಾಲಕ್ಕೆ ಒಗ್ಗದ ಹಳೆಯ ಮರದ ಕೊರಡೆಂಬ ಅರ್ಥದಲ್ಲಿ ಪಾರ್ಲಿಮೆಂಟಿನಲ್ಲಿ ಖಂಡಿಸಿ ಮಾತನಾಡಿದ ಮಾಂಟೆಗು ಆ ಸ್ಥಾನಕ್ಕೆ ಬಂದ. ಆಗಸ್ಟ್ ೨೦ರಂದು ಭಾರತಕ್ಕೆ ಹಂತಹಂತವಾಗಿ ಜವಾಬ್ದಾರಿ ಸರಕಾರ ಕೊಡುವ ಘೋಷಣೆ ಹೊರಟಿತು. ಬಸ್ರಾದ ಧಕ್ಕೆಯಿಂದ ಆ ಘೋಷಣೆಗೆ ನೇರ ದಾರಿಯಿದೆಯೆಂದರೆ ಅತಿಯಾದೀತು. ಅದರ ಹಿಂದೆ ಬೇರೆ ಒತ್ತಡಗಳು ಎಷ್ಟೋ ಇದ್ದುವು. ಆದರೆ ದೋಣಿಗೆ ಹಣವಿಲ್ಲವೆಂದ ಸರಕಾರದ ಮರ್ಯಾದೆ ಆ ಹೊಳೆಯಲ್ಲಿಯೇ ಮುಳುಗಿತ್ತೆಂಬುದು ನಿಜ.

ಮುಂದೆ ಲಂಡನ್ನಿನ ಯುದ್ಧಖಾತೆ ಆಡಳಿತ ವಹಿಸಿಕೊಂಡಿತು. ೧೯೧೬ರ ಆಗಸ್ಟಿನಲ್ಲಿ ಸೇನಾಪತ್ಯಕ್ಕೆ ಬಂದ ಜನರಲ್ ಮಾಡ್ ಡಿಸೆಂಬರಿನವರೆಗೆ ದೊಡ್ಡ ಕದನಕ್ಕೆ ಕೈ ಹಾಕಲಿಲ್ಲ. ಬಸ್ರಾದ ಬಳಿ ಮಾಕಿಲ್ ಎಂಬಲ್ಲಿ ಧಕ್ಕೆಗಳು ಎದ್ದುವು. ಹೊಳೆಯ ಇಕ್ಕಟ್ಟಿನ ಭಾಗವನ್ನು ತಪ್ಪಿಸಿ ಅಮಾರಾಕ್ಕೆ ಮೀಟರ್‌ಗೇಜ್ ರೈಲು ಹಾಕಿದರು. ಕಂಬಿ, ಗಾಡಿಗಳು ಹೋದದ್ದು ಭಾರತದಿಂದ. ನಮ್ಮಲ್ಲಿನ ಕೆಲವು ಕವಲು ಮಾರ್ಗಗಳ ಕಂಬಿಗಳನ್ನೇ ಕಿತ್ತು ಹಡಗಿಗೇರಿಸಿದರು. ದೋಣಿಗಳಿಗೆ ಪ್ರತ್ಯೇಕ ದಳವಾಯಿತು, ಸಿಪಾಯಿಯ ಊಟಕ್ಕೆ ಆಲೂಗೆಡ್ಡೆ ಈರುಳ್ಳಿ ಬಂದುವು. ೧೯೧೭ರ ಮಾರ್ಚ್ ೧೧ರಂದು ಬಾಗ್ದಾದ್ ಕೈವಶವಾಯಿತು. ಮಾಡ್‌ನನ್ನು ನಿಧಾನಿಯೆಂದು ಹಾಸ್ಯ ಮಾಡಿದವರೂ ಉಂಟು. ಉಗ್ರಾಣ ತುಂಬುವವರೆಗೆ ಕಾದವನನ್ನು ನಿಧಾನಿಯೆನ್ನುವುದು ಉಣ್ಣುವ ಹೊತ್ತಿಗೆ ಮಾತ್ರ ಅಡುಗೆಮನೆ ನೆನೆಯುವವರ ಮಾತು.

ಕನ್ನಡನಾಡಿಗೂ ಈ ಕಥೆಗೂ ನಂಟಿದೆ. ೧೯೧೮ರ ಹೈಫಾ ಕದನದಲ್ಲಿ ಮೈಸೂರು ಲ್ಯಾನ್ಸರ್ಸ್ ದಳ ಕುದುರೆಯೇರಿ ನುಗ್ಗಿದ್ದು ನಮಗೆಲ್ಲ ತಿಳಿದದ್ದೇ. ಕುಟ್ ಪಟ್ಟಣದಲ್ಲಿ ಹಸಿದು ಸೆರೆಯಾದ ೧೦೩, ೧೧೦, ೧೧೭ನೆಯ ಮರಾಠಾ ದಳಗಳು ಇಂದು ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲಘು ಪದಾತಿದಳದ ಪೂರ್ವಜರೆಂಬುದು ಅಷ್ಟು ತಿಳಿದಿಲ್ಲ. ಬೆಂಗಳೂರನ್ನು ತವರಾಗಿ ಉಳ್ಳ ಮದರಾಸು ಸ್ಯಾಪರ್ಸ್ ದಳದವರು ಆ ನಾಡಿನಲ್ಲಿ ದುಡಿದರು. ಆದರೆ ದಳದ ಹೆಸರೂ ಧ್ವಜವೂ ಇಲ್ಲದವರು ಇನ್ನೂ ಹೆಚ್ಚು. ಭಾರತದಿಂದ ಮೆಸೊಪೊಟೇಮಿಯಕ್ಕೆ ಹೋದ ಸುಮಾರು ಆರು ಲಕ್ಷ ಮಂದಿಯಲ್ಲಿ ಅರ್ಧದಷ್ಟು ಜನ ಬಂದೂಕು ಹಿಡಿದವರಲ್ಲ: ಮೂಟೆ ಹೊತ್ತವರು, ನೀರು ಹೊತ್ತವರು, ಅಡುಗೆಯವರು, ದೋಣಿಯವರು, ಹೇಸರಗತ್ತೆ ಹೊಡೆದವರು. ಇಂಗ್ಲಿಷಿನ ‘ಡ್ರೈವರ್’ ಎಂಬ ಮಾತು ದಂಡಿನ ಹಿಂದುಸ್ತಾನಿಯಲ್ಲಿ ‘ಡ್ರಾಬಿ’ಯಾಗಿ, ಗುಂಡಿನ ನಡುವೆ ಗಾಡಿ ನಡೆಸಿದ ಈ ಬಡವನ ಹುದ್ದೆಯ ಹೆಸರಾಯಿತು. ಬಂಗಾಳವೇ ಮೊದಲಾದ ಪ್ರಾಂತಗಳ ಜೈಲುಗಳಿಂದ ಕೈದಿಗಳನ್ನು ಕೂಲಿದಳವಾಗಿ ಕರೆದೊಯ್ದದ್ದೂ ಉಂಟು.

ಮಾಕಿಲ್‌ನ ಧಕ್ಕೆಯ ಮೇಲೆಯೇ ೧೯೨೯ರಲ್ಲಿ ಒಂದು ಸ್ಮಾರಕವನ್ನು ಎತ್ತಿಸಿದರು. ಗೋರಿಯ ಗುರುತಿಲ್ಲದೆ ಆ ರಂಗದಲ್ಲಿ ಸತ್ತ ನಲವತ್ತು ಸಾವಿರಕ್ಕೂ ಹೆಚ್ಚು ಮಂದಿಯ ನೆನಪು ಅದು. ಬ್ರಿಟಿಷ್ ಸಿಪಾಯಿಗಳ ಹೆಸರುಗಳನ್ನು ಒಂದೊಂದಾಗಿ ಕೆತ್ತಿಸಿದರು. ಭಾರತೀಯರಲ್ಲಿ ಅಧಿಕಾರಿಗಳ ಹೆಸರುಗಳನ್ನು ಕೆತ್ತಿಸಿ, ಉಳಿದವರನ್ನು ಆಯಾ ದಳದ ಹೆಸರಿನ ಕೆಳಗೆ ಇಷ್ಟು ಮಂದಿಯೆಂದು ಬರಿಯ ಸಂಖ್ಯೆಯಲ್ಲಿ ಮುಗಿಸಿದರು. ೧೯೯೭ರಲ್ಲಿ ಇರಾಕಿನ ಸರಕಾರ ಆ ಸ್ಮಾರಕವನ್ನು ಧಕ್ಕೆಯಿಂದ ಎತ್ತಿ, ನಾಸಿರಿಯಾಕ್ಕೆ ಹೋಗುವ ದಾರಿಯಲ್ಲಿ ಮೂವತ್ತೆರಡು ಕಿಲೋಮೀಟರು ಆಚೆಗೆ ಸಾಗಿಸಿತು. ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗ, ಸತ್ತವರನ್ನು ನೆನೆಯುವಲ್ಲಿ ನಡೆದ ಈ ಬಗೆಯ ಪಕ್ಷಪಾತವನ್ನು ೨೦೨೧ರಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿತು.